ಔಷಧಶಿಲ್ಪಿ ಡಾ॥ ಯಲ್ಲಾಪ್ರಗಡ ಸುಬ್ಬರಾಯರು

ಔಷಧದ ಶೀಸೆಯ ಮೇಲೆ ಎಷ್ಟೋ ವಿವರಗಳು ಅಚ್ಚಾಗಿರುತ್ತವೆ. ಕಾರ್ಖಾನೆಯ ಹೆಸರಿರುತ್ತದೆ, ಬೆಲೆಯಿರುತ್ತದೆ, ಯಾವ ತಿಂಗಳವರೆಗೆ ಬಳಸಬಹುದೆಂಬ ಸೂಚನೆಯಿರುತ್ತದೆ. ಆ ಔಷಧವನ್ನು ಹುಡುಕಿ ತೆಗೆದವರು ಯಾರೆಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ರೋಗಿಗೆ ಆ ವಿಚಾರ ಬೇಕಾಗಿಯೂ ಇಲ್ಲ. ಅವನಿಗೆ ಬೇಕಾದುದು ಗುಣ. ಆದರೆ ಗುಣ ಹೊಂದಿದ ಮೇಲಾದರೂ ನಾವು ಯಾರ ಋಣದಲ್ಲಿದ್ದೇವೆಂದು ಕೇಳಿಕೊಳ್ಳುವುದು ಮನುಷ್ಯಧರ್ಮವಲ್ಲವೆ? ಹಾಗೆ ಕೇಳಿಕೊಳ್ಳುತ್ತ ಹೋದಾಗ ನನಗೆ ದೊರೆತ ಹೆಸರು ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾವ್ ಅವರದು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಸುಬ್ಬರಾಯರೆಂದೇ ಕರೆಯುತ್ತೇನೆ.

ನಾನು ಚರಿತ್ರೆಯ ವಿದ್ಯಾರ್ಥಿ. ವೈದ್ಯನೂ ಅಲ್ಲ, ರಸಾಯನಶಾಸ್ತ್ರವನ್ನು ಬಲ್ಲವನೂ ಅಲ್ಲ. ಆದುದರಿಂದ ಈ ಮಹನೀಯರ ಜೀವನವನ್ನು ಚರಿತ್ರೆಯಂತೆಯೇ, ಯಾವುದರಿಂದ ಯಾವುದು ಹುಟ್ಟಿತೆಂಬ ಕ್ರಮದಲ್ಲಿ ಹೇಳುತ್ತೇನೆ. ಮೂಳೆಯಲ್ಲಿ ಹುಟ್ಟಿ ಶ್ವಾಸಕೋಶಕ್ಕೆ ಹಬ್ಬುವ ಒಂದು ಕ್ರೂರವಾದ ಕ್ಯಾನ್ಸರ್ ಉಂಟು. ಅದಕ್ಕೆ ಇಂದು ಹಲವು ಔಷಧಗಳನ್ನು ಜೊತೆಗೂಡಿಸಿ ಕೊಡುತ್ತಾರೆ. ಆ ಚಿಕಿತ್ಸೆಯ ಬುಡವನ್ನು ಅಗೆಯುತ್ತ ಹೋದರೆ ಅಲ್ಲಿ ಸುಬ್ಬರಾಯರ ಬದುಕು ಕಾಣಿಸುತ್ತದೆ. ಅವರು ಆ ರೋಗಕ್ಕೆ ಮದ್ದನ್ನು ಹುಡುಕಿದವರಲ್ಲ. ಹುಡುಕಿದ್ದು ಒಂದನ್ನು, ದೊರೆತದ್ದು ಇನ್ನೊಂದು. ಅವರ ಕಾಲಾನಂತರ ಅದು ಒದಗಿದ್ದು ಮತ್ತೊಂದಕ್ಕೆ.

ಸುಬ್ಬರಾಯರು ೧೮೯೫ನೆಯ ಇಸವಿ ಜನವರಿ ೧೨ರಂದು ಗೋದಾವರಿ ಸೀಮೆಯ ಭೀಮವರಂ ಎಂಬ ಊರಿನಲ್ಲಿ ಜನಿಸಿದರು. ಆಗ ಅದು ಮದರಾಸು ಪ್ರಾಂತಕ್ಕೆ ಸೇರಿತ್ತು. ತಂದೆ ಜಗನ್ನಾಥಂ ಅವರು ರೆವಿನ್ಯೂ ಇಲಾಖೆಯ ನೌಕರರು; ತಾಯಿ ವೆಂಕಮ್ಮನವರು. ಮನೆಯಲ್ಲಿ ಏಳು ಮಂದಿ ಮಕ್ಕಳು, ಬರುವ ಸಂಬಳ ಅಲ್ಪ. ಬಾಲಕ ಸುಬ್ಬರಾಯನಿಗೆ ಓದಿನಲ್ಲಿ ಆಸಕ್ತಿಯೇ ಇರಲಿಲ್ಲ. ಒಮ್ಮೆ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸುವೆನೆಂದು ಮನೆಬಿಟ್ಟು ಹೊರಟಿದ್ದ. ಹಿಡಿದು ತಂದು ಮತ್ತೆ ಶಾಲೆಗೆ ಕೂಡಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಕುಳಿತು ತೇರ್ಗಡೆಯಾದ. ಈ ನಡುವೆ ತಂದೆ ತೀರಿಕೊಂಡಿದ್ದರು. ಸಂಸಾರದ ಭಾರವನ್ನೆಲ್ಲ ಹೊತ್ತು ಮಗನನ್ನು ಓದಿನ ದಾರಿಯಲ್ಲಿ ನಿಲ್ಲಿಸಿದವರು ವೆಂಕಮ್ಮನವರೇ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ಈ ತರುಣನ ಮನಸ್ಸು ರಾಮಕೃಷ್ಣ ಆಶ್ರಮದ ಕಡೆಗೆ ತಿರುಗಿತು. ಸಂನ್ಯಾಸವನ್ನು ಸ್ವೀಕರಿಸಬೇಕೆಂದು ನಿಶ್ಚಯಿಸಿದರು. ತಾಯಿ ಒಪ್ಪಲಿಲ್ಲ, ತಾಯಿಯ ಅಪ್ಪಣೆಯಿಲ್ಲದೆ ಆಶ್ರಮದವರೂ ಸೇರಿಸಿಕೊಳ್ಳಲಿಲ್ಲ. ರೋಗಿಗಳ ಸೇವೆಯೂ ದೇವರ ಸೇವೆಯೇ, ವೈದ್ಯನಾಗು ಎಂಬ ಹಿರಿಯರ ಸಲಹೆಯಂತೆ ಅವರು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ೧೯೧೯ರಲ್ಲಿ ಶೇಷಗಿರಿ ಎಂಬ ಕನ್ಯೆಯೊಡನೆ ವಿವಾಹವಾಯಿತು. ಮಾವನವರು ಅಳಿಯನ ಓದಿಗೆ ನೆರವಾದರು.

ಅದು ಗಾಂಧೀಜಿಯವರ ಕರೆಗೆ ದೇಶವೆಲ್ಲ ಓಗೊಡುತ್ತಿದ್ದ ಕಾಲ. ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೊಠಡಿಗೆ ಖಾದಿಯ ನಿಲುವಂಗಿಯನ್ನು ತೊಟ್ಟು ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಇದು ಸರಿಬರಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿಯೇ ಬರೆದಿದ್ದರೂ ಕಡೆಗೆ ಅವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸರ್ಕಾರದ ವೈದ್ಯಸೇವೆಯ ಬಾಗಿಲು ಹೀಗೆ ಮುಚ್ಚಿಹೋಯಿತು. ಡಾಕ್ಟರ್ ಆಚಂಟ ಲಕ್ಷ್ಮೀಪತಿಗಳು ನಡೆಸುತ್ತಿದ್ದ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾಶಾಸ್ತ್ರವನ್ನು ಬೋಧಿಸುತ್ತ ಕಾಲ ಕಳೆಯಬೇಕಾಯಿತು.

ಈ ವರ್ಷಗಳಲ್ಲಿಯೇ ಅವರ ಮನೆಯ ಮೇಲೆ ಸಿಡಿಲೆರಗಿತು. ಸ್ಪ್ರೂ ಎಂಬುದೊಂದು ರೋಗ. ನಮ್ಮ ಹಿರಿಯರು ಸಂಗ್ರಹಣಿ ಎಂದು ಕರೆಯುತ್ತಿದ್ದ ಜಾತಿಯದು. ಅದು ಬಂದವನಿಗೆ ನಾಲಗೆ ಹುಣ್ಣಾಗುತ್ತದೆ, ಭೇದಿ ನಿಲ್ಲುವುದಿಲ್ಲ, ಉಂಡದ್ದು ಮೈಗೆ ಹತ್ತುವುದಿಲ್ಲ, ದಿನೇ ದಿನೇ ರಕ್ತ ತಿಳಿಯಾಗಿ ಮನುಷ್ಯನು ಬಿಳಿಚಿಕೊಂಡು ಸಾಯುತ್ತಾನೆ. ಈ ರೋಗಕ್ಕೆ ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ವೈದ್ಯಕೀಯವನ್ನು ಓದಿದ ಸೋದರನಿಗೂ ಮಾಡಬಲ್ಲದ್ದು ಏನೂ ಇರಲಿಲ್ಲ. ರೋಗದ ಕಾರಣವೇ ಆಗ ಯಾರಿಗೂ ಗೊತ್ತಿರಲಿಲ್ಲ. ಮುಂದೆ ಅದೇ ರೋಗ ಸುಬ್ಬರಾಯರನ್ನೂ ಹಿಡಿಯಿತು. ಲಕ್ಷ್ಮೀಪತಿಗಳ ಆಯುರ್ವೇದ ಚಿಕಿತ್ಸೆಯಿಂದ ಅವರು ಉಳಿದರು. ಉಳಿದವರು ಕಾರಣವನ್ನು ಹುಡುಕಹೊರಟರು.

ಮಾವನವರ ಹಣ, ಕಾಕಿನಾಡದ ಧರ್ಮನಿಧಿಯೊಂದರ ಸಹಾಯ ಇವನ್ನು ಕೂಡಿಸಿಕೊಂಡು ೧೯೨೩ರ ಅಕ್ಟೋಬರಿನಲ್ಲಿ ಅವರು ಅಮೆರಿಕದ ಬಾಸ್ಟನ್ ನಗರಕ್ಕೆ ಬಂದಿಳಿದರು. ಅಲ್ಲಿನ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣವಲಯದ ರೋಗಗಳ ವಿಚಾರವಾಗಿ ಓದಬೇಕೆಂಬುದು ಅವರ ಸಂಕಲ್ಪ. ಹಗಲು ಓದು, ರಾತ್ರಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ಬರಿದು ಮಾಡುವ ಕೆಲಸ. ಊರಿನಲ್ಲಿ ಪತ್ನಿ ಶೇಷಗಿರಿಯವರು ಕಾಯುತ್ತಿದ್ದರು. ಅವರು ದೂರದಲ್ಲಿದ್ದಾಗಲೇ ಗಂಡುಮಗು ಶೈಶವದಲ್ಲಿಯೇ ತೀರಿಕೊಂಡಿತು. ಎರಡು ಮೂರು ವರ್ಷಗಳಲ್ಲಿ ಮರಳುವೆನೆಂದು ಹೋದವರು ಮರಳಲೇ ಇಲ್ಲ. ಪತಿಪತ್ನಿಯರು ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ. ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಇಂತಹ ಸಂಗತಿಯನ್ನು ಒಂದು ವಾಕ್ಯದಲ್ಲಿ ದಾಟಿಬಿಡುವುದುಂಟು. ಆದರೆ ಆ ಇಪ್ಪತ್ತೈದು ವರ್ಷಗಳನ್ನು ಶೇಷಗಿರಿಯವರು ದಿನ ದಿನವಾಗಿ ಕಳೆದರೆಂಬುದನ್ನು ನಾವು ಮರೆಯಬಾರದು. ಲೋಕಕ್ಕೆ ದೊರೆತ ಔಷಧಗಳ ಬೆಲೆಯಲ್ಲಿ ಅವರು ತೆತ್ತ ಪಾಲೂ ಸೇರಿದೆ.

ಹಾರ್ವರ್ಡಿನಲ್ಲಿ ಸುಬ್ಬರಾಯರು ಸೈರಸ್ ಫಿಸ್ಕ್ ಎಂಬ ಜೀವರಸಾಯನ ಪಂಡಿತರ ಕೈಕೆಳಗೆ ಕೆಲಸಮಾಡಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ರಂಜಕ ಎಷ್ಟಿದೆಯೆಂದು ಅಳೆಯುವ ಸುಲಭ ವಿಧಾನವೊಂದನ್ನು ಇಬ್ಬರೂ ೧೯೨೫ರಲ್ಲಿ ಪ್ರಕಟಿಸಿದರು. ಇಂದಿಗೂ ವಿದ್ಯಾರ್ಥಿಗಳು ಅದನ್ನು ಫಿಸ್ಕ್–ಸುಬ್ಬರಾವ್ ವಿಧಾನವೆಂದೇ ಕಲಿಯುತ್ತಾರೆ. ಆ ಅಳತೆಗೋಲನ್ನು ಹಿಡಿದು ಸ್ನಾಯುಗಳನ್ನು ಪರೀಕ್ಷಿಸಿದಾಗ ೧೯೨೭ರಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತು ಕಂಡಿತು. ೧೯೨೯ರಲ್ಲಿ ಎ.ಟಿ.ಪಿ. ಎಂಬ ವಸ್ತು ಕಂಡಿತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬವರೂ ಬೇರೆಯಾಗಿ ಅದನ್ನು ಕಂಡರು. ನಾವು ಕೈಯೆತ್ತುವುದಕ್ಕೂ ಹೃದಯ ಬಡಿಯುವುದಕ್ಕೂ ಬೇಕಾದ ಶಕ್ತಿ ಜೀವಕಣಗಳಲ್ಲಿ ಈ ವಸ್ತುವಿನ ಮೂಲಕವೇ ಚಲಾವಣೆಯಾಗುತ್ತದೆ. ೧೯೩೦ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಇಷ್ಟಾದರೂ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಖಾಯಂ ಹುದ್ದೆ ಸಿಕ್ಕಲಿಲ್ಲ.

ಕೀರ್ತಿ ಎಲ್ಲಿದ್ದರೂ ಅವರ ಮನಸ್ಸು ಮಾತ್ರ ಹಳೆಯ ಪ್ರಶ್ನೆಯನ್ನು ಬಿಟ್ಟಿರಲಿಲ್ಲ. ರಕ್ತವೇಕೆ ತಿಳಿಯಾಗುತ್ತದೆ? ೧೯೨೬ರಲ್ಲಿ ಅದೇ ಬಾಸ್ಟನ್ನಿನಲ್ಲಿ ಮಿನಾಟ್ ಮತ್ತು ಮರ್ಫಿ ಎಂಬ ವೈದ್ಯರು ಒಂದು ಬಗೆಯ ಮಾರಕ ರಕ್ತಹೀನತೆಗೆ ಪ್ರಾಣಿಗಳ ಯಕೃತ್ತನ್ನು ಆಹಾರವಾಗಿ ಕೊಟ್ಟು ಗುಣಪಡಿಸಿದ್ದರು. ಮುಂಬಯಿಯಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ಮಹಿಳೆ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ರಕ್ತಹೀನತೆಯನ್ನು ಯೀಸ್ಟಿನ ಸಾರ ಹೋಗಲಾಡಿಸುತ್ತದೆಂದು ೧೯೩೧ರಲ್ಲಿ ತೋರಿಸಿದ್ದರು. ಯಕೃತ್ತಿನಲ್ಲಿಯೂ ಯೀಸ್ಟಿನಲ್ಲಿಯೂ ಏನೋ ಒಂದು ಇದೆ ಎಂಬುದು ಸ್ಪಷ್ಟವಾಯಿತು. ಅದೇನೆಂದು ಬೇರ್ಪಡಿಸಿ ತೆಗೆಯುವುದು ಉಳಿದಿತ್ತು. ಸುಬ್ಬರಾಯರು ವರ್ಷಗಟ್ಟಲೆ ಯಕೃತ್ತಿನ ಸಾರವನ್ನು ಸೋಸಿ, ಇಂಗಿಸಿ, ಒಡೆದು ನೋಡಿದರು.

೧೯೪೦ರಲ್ಲಿ ಅವರು ಹಾರ್ವರ್ಡನ್ನು ಬಿಟ್ಟು ನ್ಯೂಯಾರ್ಕ್ ನಗರದ ಬಳಿಯ ಪರ್ಲ್ ರಿವರ್ ಎಂಬ ಊರಿನ ಲೆಡರ್ಲಿ ಔಷಧ ಕಾರ್ಖಾನೆಯನ್ನು ಸೇರಿ, ಮುಂದೆ ಅದರ ಸಂಶೋಧನೆಯ ನಿರ್ದೇಶಕರಾದರು. ಒಬ್ಬನೇ ಕುಳಿತು ಒಂದು ಸೀಸೆಯನ್ನು ಕಾಯಿಸುವ ಕಾಲ ಮುಗಿದಿತ್ತು. ಹತ್ತಾರು ರಸಾಯನಜ್ಞರು ಅವರ ಮಾತಿನಂತೆ ದುಡಿಯತೊಡಗಿದರು. ಅತ್ತ ೧೯೪೧ರಲ್ಲಿ ಬೇರೆ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ಜೀವಸತ್ವವನ್ನು ತೆಗೆದು, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟಿದ್ದರು. ಆದರೆ ಮಣಗಟ್ಟಲೆ ಸೊಪ್ಪಿಗೆ ಚಿಟಿಕೆಯಷ್ಟೂ ದೊರೆಯುತ್ತಿರಲಿಲ್ಲ. ಸುಬ್ಬರಾಯರ ತಂಡ ೧೯೪೫ರಲ್ಲಿ ಅದರ ರಚನೆಯನ್ನು ಅರಿತು ಪ್ರಯೋಗಶಾಲೆಯಲ್ಲಿಯೇ ಅದನ್ನು ತಯಾರಿಸಿತು. ಆ ಹಳದಿ ಪುಡಿಯನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟಾಗ ರಕ್ತ ಚೇತರಿಸಿತು, ನಾಲಗೆಯ ಹುಣ್ಣು ಮಾಯಿತು. ಸೋದರರಿಗೆ ದೊರೆಯದೆ ಹೋದ ವಸ್ತು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ಕೈಗೆ ಬಂದಿತ್ತು.

ಬೇರೊಬ್ಬರ ಕಥೆಯಾಗಿದ್ದರೆ ಇಲ್ಲಿಗೆ ಮಂಗಳ ಹಾಡಬಹುದಾಗಿತ್ತು. ಸುಬ್ಬರಾಯರ ಕಥೆ ಇಲ್ಲಿಂದಲೇ ಇನ್ನೊಂದು ಕಡೆಗೆ ಹೊರಳುತ್ತದೆ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ರಕ್ತದ ಕ್ಯಾನ್ಸರ್ ಆದ ಮಕ್ಕಳು ಕೆಲವೇ ವಾರಗಳಲ್ಲಿ ಸಾಯುವುದನ್ನು ಅವರು ನೋಡುತ್ತಿದ್ದರು. ರಕ್ತಹೀನತೆಯನ್ನು ಕಳೆಯುವ ಫೋಲಿಕ್ ಆಮ್ಲ ಈ ಮಕ್ಕಳಿಗೂ ಒದಗೀತೇನೋ ಎಂದು ಆ ಜಾತಿಯ ವಸ್ತುಗಳನ್ನು ಪ್ರಯೋಗಿಸಿದರು. ರೋಗ ಇಳಿಯುವುದಕ್ಕೆ ಬದಲು ಇನ್ನಷ್ಟು ಉಲ್ಬಣಿಸಿದಂತೆ ಅವರಿಗೆ ಕಂಡಿತು. ಅಲ್ಲಿ ಎದೆಗೆಡದೆ ಅವರು ವಿಚಾರಮಾಡಿದರು: ಜೀವಕಣಗಳು ಒಡೆದು ಎರಡಾಗಬೇಕಾದರೆ ಫೋಲಿಕ್ ಆಮ್ಲ ಬೇಕು. ಕ್ಯಾನ್ಸರಿನ ಕಣಗಳು ಹಗಲಿರುಳೂ ಒಡೆಯುತ್ತಲೇ ಇರುತ್ತವೆ, ಆದುದರಿಂದ ಅವುಗಳಿಗೆ ಅದರ ಹಸಿವು ಹೆಚ್ಚು. ಹಾಗಾದರೆ ಅದು ಅವುಗಳಿಗೆ ಸಿಕ್ಕದಂತೆ ಮಾಡಿದರೆ?

ಅದಕ್ಕೆ ಬೇಕಾದ ವಸ್ತು ಸುಬ್ಬರಾಯರ ಕಾರ್ಖಾನೆಯಲ್ಲಿಯೇ ಇತ್ತು. ಫೋಲಿಕ್ ಆಮ್ಲವನ್ನು ಕಟ್ಟಲು ಬಲ್ಲವರು ಅದರಂತೆಯೇ ತೋರುವ ಅದಲ್ಲದ ವಸ್ತುಗಳನ್ನೂ ಕಟ್ಟಿದ್ದರು. ಬೀಗದೊಳಕ್ಕೆ ಹೋಗಿ ತಿರುಗದೆ ಸಿಕ್ಕಿಕೊಳ್ಳುವ ಖೋಟಾ ಬೀಗದಕೈಯಂತೆ ಇವು ಜೀವಕಣದ ಯಂತ್ರದಲ್ಲಿ ಕುಳಿತು ಅದನ್ನು ನಿಲ್ಲಿಸುತ್ತವೆ. ಅವುಗಳಲ್ಲಿ ಒಂದು ಅಮಿನಾಪ್ಟೆರಿನ್. ೧೯೪೭ರ ಡಿಸೆಂಬರ್ ಕೊನೆಯಲ್ಲಿ ಫಾರ್ಬರ್ ಅದನ್ನು ಮಕ್ಕಳಿಗೆ ಕೊಡಲಾರಂಭಿಸಿದರು. ೧೯೪೮ರ ಜೂನ್ ತಿಂಗಳಲ್ಲಿ ಪ್ರಕಟವಾದ ವರದಿಯಂತೆ ೧೬ ಮಕ್ಕಳಲ್ಲಿ ೧೦ ಮಂದಿಗೆ ರೋಗ ಇಳಿಯಿತು. ಅದು ತಾತ್ಕಾಲಿಕ, ತಿಂಗಳುಗಳಲ್ಲಿ ರೋಗ ಮರಳಿತು. ಆದರೆ ಔಷಧವೊಂದು ಮಕ್ಕಳ ಈ ರಕ್ತದ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಲ್ಲದೆಂದು ಲೋಕ ಕಂಡದ್ದು ಆಗಲೇ. ಅಮಿನಾಪ್ಟೆರಿನ್ನಿಗೆ ಒಡಹುಟ್ಟಿದಂತಹ ಇನ್ನೊಂದು ವಸ್ತುವೂ ಅದೇ ಕಾರ್ಖಾನೆಯಿಂದ ಬಂದಿತು. ಅದಕ್ಕೆ ಇಂದಿನ ಹೆಸರು ಮೆಥೊಟ್ರೆಕ್ಸೇಟ್.

ಇದೇ ವರ್ಷಗಳಲ್ಲಿ ಆನೆಕಾಲು ರೋಗದ ಹುಳುವನ್ನು ಕೊಲ್ಲುವ ಹೆಟ್ರಜಾನ್ ಎಂಬ ಔಷಧವೂ, ಟೆಟ್ರಸೈಕ್ಲಿನ್ ಜಾತಿಯಲ್ಲಿ ಮೊದಲನೆಯದಾದ ಆರಿಯೋಮೈಸಿನ್ ಎಂಬ ಜೀವಿರೋಧಕವೂ ಸುಬ್ಬರಾಯರ ನೇತೃತ್ವದಲ್ಲಿ ಅಲ್ಲಿಂದ ಹೊರಬಂದವು. ಎರಡನೆಯದನ್ನು ಕಂಡವರು ಅವರ ಬಳಿ ಕೆಲಸಮಾಡುತ್ತಿದ್ದ ವೃದ್ಧ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಡಗ್ಗರ್. ಒಬ್ಬ ಮನುಷ್ಯನ ಜೀವಮಾನಕ್ಕೆ ಇವುಗಳಲ್ಲಿ ಒಂದು ಸಾಕಾಗಿತ್ತು. ೧೯೪೮ರ ಆಗಸ್ಟ್ ತಿಂಗಳಿನಲ್ಲಿ ಒಂದು ರಾತ್ರಿ ನಿದ್ರೆಯಲ್ಲಿಯೇ ಹೃದಯ ನಿಂತು ಸುಬ್ಬರಾಯರು ಕಾಲವಶರಾದರು. ಆಗ ಅವರಿಗೆ ೫೩ ವರ್ಷ. ಸ್ವತಂತ್ರ ಭಾರತದ ಮಣ್ಣನ್ನು ಅವರು ಮೆಟ್ಟಲಿಲ್ಲ.

ಈಗ ನಾನು ಮೊದಲು ಹೇಳಿದ ಮೂಳೆಯ ಕ್ಯಾನ್ಸರಿಗೆ ಬರಬೇಕು. ವೈದ್ಯರು ಅದನ್ನು ಆಸ್ಟಿಯೋಸಾರ್ಕೋಮಾ ಎನ್ನುತ್ತಾರೆ. ಅಪರೂಪದ ರೋಗ, ಆದರೆ ಬರುವುದು ಹೆಚ್ಚಾಗಿ ನಮ್ಮಂತಹ ವಯಸ್ಸಿನವರಿಗೆ, ಎಂದರೆ ಮೂಳೆಗಳು ಬೇಗ ಬೇಗ ಬೆಳೆಯುವ ಹದಿಹರೆಯದಲ್ಲಿ. ಮೊಣಕಾಲಿನ ಮೇಲೆ ಕೆಳಗಿನ ಮೂಳೆಗಳಲ್ಲಿ, ಇಲ್ಲವೆ ಭುಜದ ಬಳಿ ಅದು ಹುಟ್ಟುತ್ತದೆ. ನಮ್ಮ ನೆಂಟರ ಹುಡುಗನೊಬ್ಬನಿಗೆ ಅದು ಬಂದಿತು. ಕಬಡ್ಡಿಯಲ್ಲಿ ಬಿದ್ದ ಪೆಟ್ಟೆಂದು ಮನೆಯವರು ಎರಡು ತಿಂಗಳು ಎಣ್ಣೆ ತಿಕ್ಕಿಸಿದರು. ಊತ ಇಳಿಯದೆ ಕ್ಷ-ಕಿರಣದ ಚಿತ್ರ ತೆಗೆಸಿದಾಗ ಸಂಗತಿ ತಿಳಿಯಿತು; ಎದೆಯ ಚಿತ್ರದಲ್ಲಿಯೂ ಎರಡು ಚುಕ್ಕೆಗಳಿದ್ದವು. ಅವನಿಗೆ ಬರೆದುಕೊಟ್ಟ ಔಷಧಗಳ ಹೆಸರುಗಳನ್ನು ಓದಿ, ಇವು ಎಲ್ಲಿಂದ ಬಂದವೆಂದು ಹುಡುಕಿದಾಗಲೇ ನನಗೆ ಸುಬ್ಬರಾಯರ ಪರಿಚಯವಾದದ್ದು.

೧೯೭೦ರ ಹಿಂದೆ ಈ ರೋಗಕ್ಕೆ ಇದ್ದ ಮದ್ದು ಒಂದೇ, ಕಾಲನ್ನೋ ಕೈಯನ್ನೋ ಕತ್ತರಿಸುವುದು. ಕತ್ತರಿಸಿದರೂ ಐವರಲ್ಲಿ ನಾಲ್ವರು ಉಳಿಯುತ್ತಿರಲಿಲ್ಲ. ಗಾಯ ಮಾಯ್ದು, ಕಟ್ಟಿಗೆಯ ಕಾಲಿನಲ್ಲಿ ನಡೆಯಲು ಕಲಿತ ಹುಡುಗನ ಶ್ವಾಸಕೋಶದಲ್ಲಿ ವರ್ಷ ಕಳೆಯುವುದರೊಳಗೆ ಗಂಟುಗಳು ಕಾಣಿಸಿಕೊಳ್ಳುತ್ತಿದ್ದವು. ಇದರ ಅರ್ಥ ಸ್ಪಷ್ಟವಾಗಿತ್ತು. ಕಾಲನ್ನು ಕತ್ತರಿಸುವ ದಿನವೇ ರೋಗದ ಬೀಜಗಳು ರಕ್ತದಲ್ಲಿ ಹರಿದು ಶ್ವಾಸಕೋಶವನ್ನು ಸೇರಿಯಾಗಿರುತ್ತಿದ್ದವು. ಕಣ್ಣಿಗೆ ಕಾಣುವಷ್ಟು ದೊಡ್ಡವಾಗಿರುತ್ತಿರಲಿಲ್ಲ, ಅಷ್ಟೆ. ಕತ್ತಿ ತಲಪದ ಕಡೆಗೆ ಔಷಧವೇ ಹೋಗಬೇಕು.

ಮೆಥೊಟ್ರೆಕ್ಸೇಟನ್ನು ವಾಡಿಕೆಯ ಪ್ರಮಾಣದಲ್ಲಿ ಕೊಟ್ಟರೆ ಈ ಕ್ಯಾನ್ಸರ್ ಜಗ್ಗುವುದಿಲ್ಲ. ಔಷಧ ಒಳಗೆ ಹೋಗುವ ಬಾಗಿಲು ಅದರ ಕಣಗಳಲ್ಲಿ ಅನೇಕ ವೇಳೆ ಕಿರಿದಾಗಿರುತ್ತದೆ. ಬಾಗಿಲಿಲ್ಲದಿದ್ದರೂ ಗೋಡೆಯ ಮೂಲಕವೇ ನುಗ್ಗಬೇಕಾದರೆ ನೂರಾರು ಪಾಲು ಹೆಚ್ಚು ಔಷಧವನ್ನು ರಕ್ತಕ್ಕೆ ಸುರಿಯಬೇಕು. ಕೀಲುವಾಯುವಿಗೆ ಇದೇ ಔಷಧವನ್ನು ಸಾಮಾನ್ಯವಾಗಿ ವಾರಕ್ಕೆ ೧೦–೨೦ ಮಿಲಿಗ್ರಾಂ ಕೊಡುತ್ತಾರೆ. ಮೂಳೆಯ ಕ್ಯಾನ್ಸರಿಗೆ ಮೈಯ ಪ್ರತಿ ಚದರ ಮೀಟರಿಗೆ ೧೨ ಗ್ರಾಂ ಕೊಡುತ್ತಾರೆ. ಅಷ್ಟನ್ನು ಸುಮ್ಮನೆ ಕೊಟ್ಟರೆ ಮನುಷ್ಯನು ಬದುಕುವಂತಿಲ್ಲ. ಆದುದರಿಂದ ಇಪ್ಪತ್ತನಾಲ್ಕು ಗಂಟೆ ಕಾದು, ಬಳಿಕ ಲ್ಯೂಕೊವೊರಿನ್ ಎಂಬ ಪ್ರತ್ಯೌಷಧವನ್ನು ಕೊಟ್ಟು ಆರೋಗ್ಯವಂತ ಕಣಗಳನ್ನು ಉಳಿಸಿಕೊಳ್ಳುತ್ತಾರೆ. ಕ್ಯಾನ್ಸರಿನ ಕಣಕ್ಕೆ ಇದೂ ಅದೇ ಕಿರಿದಾದ ಬಾಗಿಲಿನಿಂದ ಬರಬೇಕಾದುದರಿಂದ ಅದರ ಪಾಲಿಗೆ ಹೆಚ್ಚು ಸಿಕ್ಕುವುದಿಲ್ಲ. ಈ ಲ್ಯೂಕೊವೊರಿನ್ ಯಾವುದು ಬಲ್ಲಿರಾ? ಫೋಲಿಕ್ ಆಮ್ಲದ್ದೇ ಮಾರ್ಪಟ್ಟ ರೂಪ! ಕೊಲ್ಲಲು ಕಳುಹಿಸುವುದು ಫೋಲಿಕ್ ಆಮ್ಲದ ಖೋಟಾ ಪ್ರತಿ. ಕಾಯಲು ಕಳುಹಿಸುವುದು ಅದರ ನಿಜವಾದ ವಂಶ. ಎರಡಕ್ಕೂ ಮೂಲ ಸ್ಪ್ರೂ ರೋಗದ ಕಾರಣವನ್ನು ಹುಡುಕಹೊರಟವನ ಶೋಧ. ಇದನ್ನು ತಿಳಿದ ದಿನ ನಾನು ಬಹಳ ಹೊತ್ತು ಪುಸ್ತಕವನ್ನು ಮುಚ್ಚಿಟ್ಟು ಕುಳಿತಿದ್ದೆ.

ಈ ರೀತಿಯ ಚಿಕಿತ್ಸೆಯನ್ನು ಮೂಳೆಯ ಕ್ಯಾನ್ಸರಿಗೆ ಅನ್ವಯಿಸಿ ೧೯೭೦ರ ದಶಕದ ಆರಂಭದಲ್ಲಿ ಫಲವನ್ನು ತೋರಿಸಿದವರು ನಾರ್ಮನ್ ಜಾಫೆ ಎಂಬ ವೈದ್ಯರು. ಅವರು ಕೆಲಸಮಾಡುತ್ತಿದ್ದುದೂ ಬಾಸ್ಟನ್ನಿನಲ್ಲಿ, ಫಾರ್ಬರ್ ಕಟ್ಟಿದ ಸಂಸ್ಥೆಯಲ್ಲಿ. ೧೯೭೪ರಲ್ಲಿ ಅವರ ವರದಿಯೂ, ಏಡ್ರಿಯಮೈಸಿನ್ ಎಂಬ ಇನ್ನೊಂದು ಔಷಧದ ವಿಚಾರವಾಗಿ ಬೇರೆ ವೈದ್ಯರ ವರದಿಯೂ ಪ್ರಕಟವಾದವು. ಏಡ್ರಿಯಮೈಸಿನ್ ಮಣ್ಣಿನ ಸೂಕ್ಷ್ಮಜೀವಿಯಿಂದ ಇಟಲಿಯವರು ತೆಗೆದದ್ದು; ಏಡ್ರಿಯಾಟಿಕ್ ಸಮುದ್ರದಿಂದ ಅದಕ್ಕೆ ಆ ಹೆಸರು. ಮೂರನೆಯದು ಸಿಸ್‌ಪ್ಲಾಟಿನ್, ಪ್ಲಾಟಿನಂ ಲೋಹದ ಸಂಯುಕ್ತ. ಬ್ಯಾಕ್ಟೀರಿಯಗಳ ಮೇಲೆ ವಿದ್ಯುತ್ತಿನ ಪರಿಣಾಮವನ್ನು ನೋಡುತ್ತಿದ್ದ ಬಾರ್ನೆಟ್ ರೋಸೆನ್‌ಬರ್ಗ್ ಎಂಬವರು ಅದರ ಶಕ್ತಿಯ ಸುಳಿವನ್ನು ೧೯೬೫ರಲ್ಲಿ ಪ್ರಕಟಿಸಿದ್ದರು.

ಮೂರನ್ನೂ ಏಕೆ ಕೂಡಿಸಬೇಕು? ಕ್ಷಯರೋಗದ ಚರಿತ್ರೆಯನ್ನು ಬಲ್ಲವರಿಗೆ ಉತ್ತರ ಗೊತ್ತು. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ಅದಕ್ಕೆ ಬಗ್ಗದ ರೋಗಾಣುಗಳು ಉಳಿದು ಬೆಳೆದವು. ಎರಡು ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟಾಗ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ಅದೇ ನ್ಯಾಯವನ್ನು ಅಮೆರಿಕದ ವೈದ್ಯರು ೧೯೬೦ರ ದಶಕದಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿಗೆ ತಂದರು. ಅವರು ಕೂಡಿಸಿದ ನಾಲ್ಕು ಔಷಧಗಳಲ್ಲಿ ಒಂದು ಮೆಥೊಟ್ರೆಕ್ಸೇಟೇ. ಔಷಧಗಳು ಕಣವನ್ನು ಹೊಡೆಯುವ ಸ್ಥಾನ ಬೇರೆ ಬೇರೆ. ಮೈಗೆ ಮಾಡುವ ಕೇಡೂ ಬೇರೆ ಬೇರೆ: ಏಡ್ರಿಯಮೈಸಿನ್ ಹೃದಯಕ್ಕೆ, ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ, ಮೆಥೊಟ್ರೆಕ್ಸೇಟ್ ಬಾಯಿಯ ಮೆತುಪೊರೆಗೂ ರಕ್ತಕ್ಕೂ. ಕೇಡು ಒಂದೇ ಅಂಗದ ಮೇಲೆ ಬೀಳದೆ ಹಂಚಿಹೋಗುವುದರಿಂದ ಪ್ರತಿಯೊಂದನ್ನೂ ತಕ್ಕ ಪ್ರಮಾಣದಲ್ಲಿ ಕೊಡಲು ಸಾಧ್ಯವಾಗುತ್ತದೆ.

ಆದರೂ ಕೆಲವು ಪಂಡಿತರು ಸಂಶಯಪಟ್ಟರು. ಶಸ್ತ್ರಚಿಕಿತ್ಸೆಯೇ ಉತ್ತಮಗೊಂಡಿರಬೇಕು, ಔಷಧದ ಪಾತ್ರವೇನೂ ಇಲ್ಲವೆಂದರು. ಆಗ ಅಮೆರಿಕದಲ್ಲಿ ೩೬ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆಯ ಬಳಿಕ ಹಲವು ಔಷಧಗಳ ಚಿಕಿತ್ಸೆಯನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡಿದರು. ೧೯೮೬ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷ ರೋಗ ಮರಳದೆ ಇದ್ದವರು ಔಷಧ ಪಡೆದವರಲ್ಲಿ ನೂರಕ್ಕೆ ೬೬. ಪಡೆಯದವರಲ್ಲಿ ನೂರಕ್ಕೆ ೧೭. ವಾದ ಮುಗಿಯಿತು. ಈಗ ಶಸ್ತ್ರಕ್ರಿಯೆಗೆ ಮುಂಚೆಯೇ ಸುಮಾರು ಹತ್ತು ವಾರ ಔಷಧಗಳನ್ನು ಕೊಡುತ್ತಾರೆ. ಅನೇಕರಿಗೆ ಕಾಲನ್ನು ಕತ್ತರಿಸದೆ ಕೆಟ್ಟ ಮೂಳೆಯನ್ನಷ್ಟೇ ತೆಗೆದು ಲೋಹದ ಮೂಳೆಯನ್ನು ಕೂಡಿಸುತ್ತಾರೆ. ರೋಗ ಹಬ್ಬದವರಲ್ಲಿ ಮೂವರಲ್ಲಿ ಇಬ್ಬರು ಬದುಕುತ್ತಾರೆ.

ಆದರೆ ನಮ್ಮ ಹುಡುಗನಂತೆ ರೋಗ ಹಬ್ಬಿದ ಮೇಲೆ ಬಂದವರ ವಿಚಾರ ಬೇರೆ. ಅವರಿಗೂ ಇವೇ ಔಷಧಗಳು. ಜೊತೆಗೆ ಶ್ವಾಸಕೋಶದ ಗಂಟುಗಳನ್ನೂ ಶಸ್ತ್ರದಿಂದ ತೆಗೆಯಬೇಕು. ಆದರೂ ಹತ್ತರಲ್ಲಿ ಇಬ್ಬರು ಮೂವರು ಮಾತ್ರ ದೀರ್ಘಕಾಲ ಉಳಿಯುತ್ತಾರೆ. ಮೂರರ ಜೊತೆಗೆ ಇನ್ನೂ ಎರಡು ಔಷಧಗಳನ್ನು ಸೇರಿಸಿದರೆ ಹೆಚ್ಚು ಫಲ ದೊರಕೀತೆಂದು ಯುರೋಪು ಅಮೆರಿಕಗಳ ವೈದ್ಯರು ಕೂಡಿ, ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ದೊಡ್ಡ ಪರೀಕ್ಷೆಯನ್ನು ನಡೆಸಿದರು. ಮೊದಲ ಚಿಕಿತ್ಸೆಗೆ ಸರಿಯಾಗಿ ಬಗ್ಗದ ರೋಗಿಗಳಿಗೆ ಆ ಎರಡನ್ನು ಸೇರಿಸಿ ಕೊಟ್ಟದ್ದರಿಂದ ಲಾಭವಾಗಲಿಲ್ಲ, ನೋವು ಹೆಚ್ಚಿತು ಎಂದು ೧೯೧೬ರಲ್ಲಲ್ಲ, ಇಷ್ಟು ಮುಂದುವರಿದ ೨೦೧೬ರಲ್ಲಿ ಅವರು ಬರೆಯಬೇಕಾಯಿತು. ೧೯೮೦ರ ದಶಕದಿಂದ ಈಚೆಗೆ ಈ ರೋಗದ ಚಿಕಿತ್ಸೆ ಹೆಚ್ಚು ಮುಂದೆ ಸಾಗಿಲ್ಲ. ಕಾರಣವನ್ನು ಹುಡುಕುವ ಇನ್ನೊಬ್ಬ ಸುಬ್ಬರಾಯರು ಬೇಕಾಗಿದ್ದಾರೆ.

ಇನ್ನೊಂದು ಸಂಗತಿಯಿದೆ. ಮೆಥೊಟ್ರೆಕ್ಸೇಟನ್ನು ಆ ದೊಡ್ಡ ಪ್ರಮಾಣದಲ್ಲಿ ಕೊಡಬೇಕಾದರೆ ರೋಗಿಯ ರಕ್ತದಲ್ಲಿ ಅದು ಎಷ್ಟು ಉಳಿದಿದೆಯೆಂದು ದಿನದಿನವೂ ಅಳೆಯಬೇಕು, ನಾಳದಲ್ಲಿ ನೀರು ಹರಿಸುತ್ತಲೇ ಇರಬೇಕು. ಅಳತೆ ತಪ್ಪಿದರೆ ಪ್ರಾಣಕ್ಕೆ ಅಪಾಯ. ಈ ಸೌಕರ್ಯವೂ ಹಣವೂ ಸಾಲದೆ ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ಅದನ್ನು ಬಿಟ್ಟು ಬೇರೆ ಔಷಧಗಳ ಜೋಡಣೆಯನ್ನು ಕೊಡುತ್ತಾರೆ. ಅದರಿಂದಲೂ ಒಳ್ಳೆಯ ಫಲವನ್ನು ಪಡೆದಿದ್ದಾರೆ. ಭೀಮವರಂನಲ್ಲಿ ಹುಟ್ಟಿದವರ ತಂಡ ಕಟ್ಟಿದ ಔಷಧ ಭಾರತದ ಬಡ ಹುಡುಗನಿಗೆ ಅದರ ಪೂರ್ಣಪ್ರಮಾಣದಲ್ಲಿ ಎಟುಕದಿರುವುದು ವಿಧಿಯ ವಿಚಿತ್ರವೆನ್ನದೆ ವಿಧಿಯಿಲ್ಲ. ಇದನ್ನು ಸರಿಪಡಿಸಲು ಹೊಸ ಶೋಧವೇನೂ ಬೇಡ. ಅಳೆಯುವ ಯಂತ್ರ, ಅಳೆಯಬಲ್ಲ ಜನ, ಅದಕ್ಕಾಗಿ ಹಣ, ಇಷ್ಟು ಸಾಕು.

ನನ್ನ ಸಹಪಾಠಿಗಳಿಗೆ ಒಂದು ಮಾತು. ಮೊಣಕಾಲು ನೋಯುವವರಿಗೆಲ್ಲ ಈ ರೋಗವಿರುವುದಿಲ್ಲ. ನೂರಕ್ಕೆ ನೂರರಷ್ಟು ನೋವುಗಳು ಎಂಬಂತೆ ಅವು ಆಟದ ಪೆಟ್ಟುಗಳೇ. ಆದರೆ ಒಂದೇ ಕಡೆಯ ನೋವು ವಾರಗಟ್ಟಲೆ ಉಳಿದರೆ, ರಾತ್ರಿ ನಿದ್ದೆಗೆಡಿಸಿದರೆ, ಅಲ್ಲಿ ಗಟ್ಟಿಯಾದ ಊತ ಕಂಡರೆ ತಿಕ್ಕಿಸುತ್ತ ಕೂರಬೇಡಿ. ಒಂದು ಕ್ಷ-ಕಿರಣದ ಚಿತ್ರವನ್ನು ತೆಗೆಸಿರಿ. ಹಬ್ಬುವ ಮುಂಚೆ ಬಂದವನಿಗೂ ಹಬ್ಬಿದ ಮೇಲೆ ಬಂದವನಿಗೂ ಇರುವ ಅಂತರವನ್ನು ಮೇಲಿನ ಅಂಕಿಗಳೇ ಹೇಳುತ್ತವೆ.

ಸುಬ್ಬರಾಯರಿಗೆ ನೊಬೆಲ್ ಬಹುಮಾನ ಬರಲಿಲ್ಲ. ಒಂದು ಬಗೆಯ ಶಿಲೀಂಧ್ರಕ್ಕೆ ಅವರ ಹೆಸರಿಟ್ಟು ಸುಬ್ಬರೊಮೈಸಿಸ್ ಎಂದು ಕರೆದಿದ್ದಾರೆ. ಅವರು ಹುಟ್ಟಿ ನೂರು ವರ್ಷವಾದ ೧೯೯೫ರಲ್ಲಿ ಭಾರತ ಸರ್ಕಾರ ಅಂಚೆಚೀಟಿಯನ್ನು ಹೊರಡಿಸಿತು. ಎರಡು ಸಲ ಮೆಟ್ರಿಕ್ಯುಲೇಷನ್ನಿನಲ್ಲಿ ನಪಾಸಾದ, ಖಾದಿ ತೊಟ್ಟದ್ದಕ್ಕಾಗಿ ಪದವಿಯನ್ನು ಕಳೆದುಕೊಂಡ, ಹೊಟ್ಟೆಪಾಡಿಗಾಗಿ ಪರದೇಶದಲ್ಲಿ ಮಲದ ಪಾತ್ರೆಯನ್ನು ತೊಳೆದ ಒಬ್ಬ ತರುಣನು ತನ್ನ ಮನೆಯ ದುಃಖವನ್ನು ಪ್ರಶ್ನೆಯಾಗಿ ಮಾರ್ಪಡಿಸಿಕೊಂಡನು. ಆ ಪ್ರಶ್ನೆಯ ಉತ್ತರ ಅವನ ಸೋದರರನ್ನು ಉಳಿಸಲಿಲ್ಲ. ಆದರೆ ಅವನ ಹೆಸರನ್ನೇ ಕೇಳರಿಯದ ಮಕ್ಕಳು ಇಂದೂ ಯಾವುದೋ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ಹಳದಿ ಬಣ್ಣದ ಔಷಧವು ನಾಳದಲ್ಲಿ ಹನಿಹನಿಯಾಗಿ ಇಳಿಯುವುದನ್ನು ನೋಡುತ್ತಿರುತ್ತಾರೆ. ಮರುದಿನ ಅದರ ಪ್ರತ್ಯೌಷಧಕ್ಕಾಗಿ ಕೈ ನೀಡುತ್ತಾರೆ. ಎರಡೂ ಆ ಒಂದು ಪ್ರಶ್ನೆಯಿಂದ ಹುಟ್ಟಿದವು.